ಷರಾ

ಹನ್ನೊಂದು ಇತ್ತು. ಚಪ್ಪಲಿಯ ಪೆಟ್ಟಿಗೆಯಲ್ಲಿ
ಹತ್ತಿ ಹಾಸಿ ಮಲಗಿಸಿ ತಂದಿದ್ದೆ,
ಹಬ್ಬ ಮುಗಿದ ಮೇಲೆ ಗೋದಲಿಯ ಕುರಿಗಳನ್ನು
ಅಟ್ಟಕ್ಕೆ ಏರಿಸುವ ಹಾಗೆ.

ಹೆಡ್ ಕಾನ್‌ಸ್ಟೇಬಲ್ ಲಿಂಗಪ್ಪ ಸಪಲ್ಯರು ಒಂದನ್ನೆತ್ತಿ
ತಿರುಗಿಸಿದರು, ಮೂಸಿದರು.
"ಎಂತ ಮಾರಾಯ, ಮಾವಿನಹಣ್ಣಾ?"
ಹೌದು ಸರ್. ಮುಂಡಪ್ಪ ಅಲ್ಲ.
ಚೀನಾದವನಿಗೆ ಮುಂಡಪ್ಪ ಗೊತ್ತಿಲ್ಲ.

ರಿಜಿಸ್ಟರು ಬಿಚ್ಚಿದರು. ಅದರೊಳಗೆ
ಸಾರಾಯಿಗೆ ಲೀಟರುಂಟು, ಮರಳಿಗೆ ಲೋಡು,
ಅಂಕದಲ್ಲಿ ಸಿಕ್ಕಿಬಿದ್ದ ಕೋಳಿಗೂ
ಬಣ್ಣ ಬರೆದು ಮರ್ಯಾದೆ ಕೊಟ್ಟಿದ್ದಾರೆ.
ಇದಕ್ಕೆ?
"ತಂಬಾಕಾ?"
ಎಲೆ ಇಲ್ಲ ಸರ್, ಎಲೆಯ ಸತ್ವ ಮಾತ್ರ.
"ಹೊಗೆಯಾ?"
ಆವಿ.
"ಇಡ್ಲಿಯದ್ದಾ?" ಎಂದು ಅವರೇ ನಕ್ಕು
ಪೆನ್ನು ಕೊಡವಿ ಬರೆದರು: ಕರೆಂಟಿನ ಬೀಡಿ.
ಎದುರಿಗೆ ಷರಾ ಎಂಬ ಕಾಲಮ್ಮು.
ಅದನ್ನು ಖಾಲಿ ಬಿಟ್ಟರು.

ಹಂಪನಕಟ್ಟೆಯ ಹಿಂದಿನ ಓಣಿ,
ಮೊಬೈಲಿನ ಕವರು, ಚಾರ್ಜರು, ಒಡೆದ ಗಾಜಿಗೆ ಹೊಸ ಗಾಜು.
ಕೌಂಟರಿನ ಕೆಳಗೆ ಇವು.
ಕಾನೂನು ಬಂದ ಸಂಜೆ ಎಲ್ಲರೂ ನನ್ನ ಮೇಲೆಯೇ ರೇಗಿದರು,
ನಾನೇ ದಿಲ್ಲಿಯಲ್ಲಿ ಕೂತು ಸಹಿ ಹಾಕಿದ ಹಾಗೆ.
ಹಡಗಿನಲ್ಲಿದ್ದ ಹೆರಾಲ್ಡಣ್ಣ ಮೇಜು ಕುಟ್ಟಿದರು:
"ಮೂವತ್ತೊಂದು ವರ್ಷ ಸೇದಿದವನು ನಾನು.
ನಾಲ್ಕು ತಿಂಗಳಾಯಿತು ಬಿಟ್ಟು.
ಮೆಟ್ಟಿಲು ಹತ್ತಿದರೆ ಉಸಿರು ನನ್ನ ಜೊತೆಗೇ ಬರುತ್ತದೆ ಈಗ.
ಎದುರಿನ ಗೂಡಂಗಡಿಯಲ್ಲಿ ಸಿಗರೇಟು ಉಂಟು, ನೋಡು,
ಬಾಳೆಗೊನೆಯ ಪಕ್ಕದಲ್ಲಿ. ಅದನ್ನು ಯಾರು ಹಿಡಿಯುತ್ತಾರೆ?"
ರಿಕ್ಷಾದ ಶೇಖಬ್ಬ ಎಂಥದೂ ಹೇಳಲಿಲ್ಲ.
ಎರಡು ಸೀಸೆ ಹೆಚ್ಚು ಕೇಳಿದ.

ನನಗೂ ಹೆರಾಲ್ಡಣ್ಣನೇ ಸರಿ ಅನಿಸಿತ್ತು.
ಹೇಳಬೇಕೆಂದೇ ಹೊರಟಿದ್ದೆ, ಸಪಲ್ಯರೆದುರು,
ಪಾದ್ರಿಯ ಜಾಳಿಗೆ ಬಾಯಿಟ್ಟ ಹಾಗೆ ಎಲ್ಲ.
ಆದರೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ
ಮೊದಲು ಎದ್ದು ಬಂದದ್ದು ಮಾವಿನ ವಾಸನೆ,
ಅದರ ಹಿಂದೆಯೇ ಟೈ ಕಟ್ಟಿದ ಒಬ್ಬ ಹುಡುಗ.
ಜೂನ್ ತಿಂಗಳು, ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.
"ಅಂಕಲ್, ಮಾವಿನದ್ದು ಉಂಟಾ?"
ಅವನು ಯಾವತ್ತೂ ಏನೂ ಸೇದಿದವನಲ್ಲ.
ಬಿಡಲಿಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.
ವಯಸ್ಸು ಕೇಳಲಿಲ್ಲ ನಾನು. ಚಿಲ್ಲರೆ ಉಂಟಾ ಕೇಳಿದೆ.

"ಯಾರಿಗೆಲ್ಲ ಕೊಟ್ಟಿದ್ದಿ?"
ನೆನಪಿಲ್ಲ ಸರ್.
ಫ್ಯಾನು ತಿರುಗಿತು. ಸಪಲ್ಯರು ಬಾಗಿಲ ಕಡೆ ನೋಡಿ
ಸ್ವರ ಇಳಿಸಿದರು:
"ಇದರಲ್ಲಿ ನಿಜವಾಗಿ ಬಿಡಲಿಕ್ಕೆ ಆಗುತ್ತದಾ ಮಾರಾಯ?
ದಿನಕ್ಕೆ ಎರಡು ಕಟ್ಟು ನನಗೆ. ಡಾಕ್ಟ್ರು ಬೈದಿದ್ದಾರೆ."
ಕೆಲವರಿಗೆ ಆಗುತ್ತದೆ, ಅಂದೆ.
ಅವರು ತುಂಬ ಹೊತ್ತು ಹನ್ನೊಂದನ್ನೂ ನೋಡಿದರು.
ಆಮೇಲೆ ಅಂಕಿಯ ಕಾಲಮ್ಮಿನಲ್ಲಿ
ನಿಧಾನಕ್ಕೆ, ಒಳ್ಳೆಯ ಅಕ್ಷರದಲ್ಲಿ
ಹತ್ತು ಎಂದು ಬರೆದರು.
ನಾನು ಸಹಿ ಹಾಕಿದೆ.

ಕುಲಶೇಖರದಲ್ಲಿ ಬಸ್ಸಿಳಿದಾಗ ಕತ್ತಲು.
ಮಾಂಯ್ ಜಗಲಿಯಲ್ಲಿ, ಮಡಿಲಲ್ಲಿ ತಡ್ಪೆ,
ನೆನೆದ ಎಲೆ, ಕತ್ತರಿ, ಕೆಂಪು ನೂಲು.
ಒಂದು ಬೀಡಿಯನ್ನೂ ತುಟಿಗಿಟ್ಟವಳಲ್ಲ,
ಕೆಮ್ಮು ಮಾತ್ರ ನಲವತ್ತು ವರ್ಷದ್ದು.
ನನ್ನ ಫೀಸು, ಅಕ್ಕನ ಕರಿಮಣಿ, ಅಂಗಡಿಯ ಅಡ್ವಾನ್ಸು,
ಎಲ್ಲ ಈ ಸುರುಳಿ ಬಿಚ್ಚಿದರೆ ಸಿಗುತ್ತದೆ.
"ಪೊಲೀಸರು ಎಂತ ಹೇಳಿದರು?"
ಎಂಥದೂ ಇಲ್ಲ. ಬರೆದುಕೊಂಡರು.
"ನಿನ್ನದಕ್ಕೆ ಪಿಎಫ್ ಇಲ್ಲ ಅಲ್ಲವಾ," ಎಂದಳು,
ಚೇಷ್ಟೆಯೋ ಕನಿಕರವೋ ತಿಳಿಯಲಿಲ್ಲ.

ಒಂದು ಕಟ್ಟು ನನ್ನ ಕೈಗಿಟ್ಟಳು.
"ಎಣಿಸಿ ಕೊಡು ಬಾಬಾ, ಕಣ್ಣು ಮಂಜು.
ಒಂದು ಕಮ್ಮಿಯಾದರೂ ಬ್ರಾಂಚಿನವನು
ಇಡೀ ಕಟ್ಟು ಮುಖಕ್ಕೆ ಬಿಸಾಡುತ್ತಾನೆ."
ಬಲ್ಬಿನ ಕೆಳಗೆ ಕೂತು ಎಣಿಸಿದೆ.
ಇಪ್ಪತ್ತನಾಲ್ಕು.
ಮತ್ತೊಮ್ಮೆ ಎಣಿಸಿದೆ, ಬೆರಳಿಗೆ ಉಗುಳು ಹಚ್ಚಿ.
ಅವಳು ಕಾಯುತ್ತಿದ್ದಳು.